ಮದರಾಸು ಕ್ಷಯರೋಗ ಅಧ್ಯಯನ

ಮದರಾಸು ಕ್ಷಯರೋಗ ಅಧ್ಯಯನವು ಶ್ವಾಸಕೋಶದ ಕ್ಷಯಕ್ಕೆ ಮನೆಯಲ್ಲಿ ನೀಡುವ ಚಿಕಿತ್ಸೆಯನ್ನು ಆರೋಗ್ಯಧಾಮದ ಚಿಕಿತ್ಸೆಯೊಡನೆ ಹೋಲಿಸಿದ ವೈದ್ಯಕೀಯ ಸಂಶೋಧನೆ. 1956ರಲ್ಲಿ ಮದರಾಸಿನಲ್ಲಿ (ಇಂದಿನ ಚೆನ್ನೈ) ಆರಂಭವಾದ ಕ್ಷಯರೋಗ ಔಷಧ ಚಿಕಿತ್ಸಾ ಕೇಂದ್ರವು ಇದನ್ನು ಕೈಗೊಂಡಿತು. ವ್ಯಾಲೇಸ್ ಫಾಕ್ಸ್ ಇದರ ಮುಂದಾಳು.

ಆಗ ರೋಗಿಗಳ ಸಂಖ್ಯೆಗೆ ಹೋಲಿಸಿದರೆ ಆಸ್ಪತ್ರೆಗಳ ಹಾಸಿಗೆಗಳು ತೀರ ಕಡಿಮೆ. ಆದರೆ ವಿಶ್ರಾಂತಿ, ಶುದ್ಧ ಗಾಳಿ, ಪುಷ್ಟಿಕರ ಆಹಾರಗಳಿಲ್ಲದೆ ಕ್ಷಯ ವಾಸಿಯಾಗದೆಂಬ ನಂಬಿಕೆ ವೈದ್ಯರಲ್ಲಿಯೂ ಬೇರೂರಿತ್ತು. 193 ರೋಗಿಗಳನ್ನು ವೈದ್ಯರ ಆಯ್ಕೆಗೆ ಎಡೆಯಿಲ್ಲದಂತೆ, ಚೀಟಿ ಎತ್ತಿದ ಹಾಗೆ, ಎರಡು ಗುಂಪುಗಳಾಗಿ ವಿಂಗಡಿಸಿ, ಇಬ್ಬರಿಗೂ ಐಸೋನಿಯಾಜಿಡ್ ಮತ್ತು ಪಿ.ಎ.ಎಸ್. ಔಷಧಗಳನ್ನು ಒಂದು ವರ್ಷ ಕೊಡಲಾಯಿತು. ಮನೆಯಲ್ಲಿದ್ದವರದು ಬಡತನದ ಊಟ, ಇಕ್ಕಟ್ಟಿನ ವಾಸ. ಹಾಗಿದ್ದೂ ಅವರು ಗುಣಮುಖರಾದ ಪ್ರಮಾಣ ಆರೋಗ್ಯಧಾಮದವರ ಪ್ರಮಾಣಕ್ಕೆ ಸಮೀಪವಾಗಿತ್ತು. ಮನೆಮಂದಿಗೂ ಇದರಿಂದ ಹೆಚ್ಚಿನ ಅಪಾಯ ಕಂಡುಬರಲಿಲ್ಲ.

ವರದಿಯು 1959ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡಿತು. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಮನೆಯ ಚಿಕಿತ್ಸೆಯನ್ನೇ ಆಧರಿಸಿತು. ನಿಜವಾದ ತೊಡಕು ಎದುರಾದದ್ದು ಬೇರೆಡೆ: ಕೆಮ್ಮು ತಗ್ಗಿದೊಡನೆ ಅನೇಕರು ಮಾತ್ರೆ ನಿಲ್ಲಿಸಿಬಿಡುತ್ತಿದ್ದರು. ಆದ್ದರಿಂದ ಆರೋಗ್ಯ ಕಾರ್ಯಕರ್ತರ ಎದುರಿನಲ್ಲಿಯೇ ಔಷಧ ಸೇವಿಸುವ ಕ್ರಮವನ್ನು ಇದೇ ಕೇಂದ್ರವು ಮುಂದಿನ ಅಧ್ಯಯನಗಳಲ್ಲಿ ಪರೀಕ್ಷಿಸಿತು.