ಮಾವನ ಮನೆ

ಒಮ್ಮೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಸೂಡಿಗೆ ಹೋಗಿದ್ದೆ. ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ, ಬಸ್ಸಿಗಾಗಿ ಕಾಯುತ್ತ ಚಹದಂಗಡಿಯ ಮುಂದೆ ಕುಳಿತಿದ್ದೆವು. ಅಲ್ಲಿ ಹಿರಿಯರೊಬ್ಬರು ಯಾರದೋ ಮಗನ ಸುದ್ದಿ ಹೇಳುತ್ತಿದ್ದರು: “ಮತ್ತ ಮಾವನ ಮನೀಗಿ ಹೋದಾನ್ರೀ. ಬಿಟ್ಟು ಬಂದು ಮೂರು ತಿಂಗಳಾಗಿರಲಿಲ್ಲ. ಅವಗ ಅಲ್ಲೇ ಛಲೋ ಅನಸ್ತೈತಿ.” ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ.

ಸೆರೆಮನೆಗೆ ನಮ್ಮ ಜನ ‘ಮಾವನ ಮನೆ’ ಎಂದು ಹೆಸರಿಟ್ಟದ್ದು ಹಾಸ್ಯಕ್ಕಾಗಿ. ಅಳಿಯನಿಗೆ ಅಲ್ಲಿ ದುಡಿಯದೆ ಊಟ, ಕೇಳದೆ ಉಪಚಾರ. ಜೈಲಿನ ಊಟವನ್ನು ಉಂಡವರಾರೂ ಅದನ್ನು ಉಪಚಾರವೆನ್ನಲಾರರು. ಆದರೂ ಬಿಡುಗಡೆಯ ದಿನ ಹತ್ತಿರವಾದಂತೆ ಕಂಗೆಡುವ, ಹೊರಬಂದ ಮೇಲೆ ಮತ್ತೆ ಅದೇ ಬಾಗಿಲನ್ನು ನೆನೆಯುವ ತರುಣರು ಕೆಲವರಿದ್ದಾರೆ. ಇದೇಕೆ? ಸೋಮಾರಿತನವೆಂದು ಹೇಳಿ ಮುಗಿಸುವುದು ಸುಲಭ. ಇತಿಹಾಸ ಬೇರೆ ಉತ್ತರ ಕೊಡುತ್ತದೆ. ಅದನ್ನು ಹುಡುಕಲು ನಮ್ಮ ಸೀಮೆಯನ್ನು ಬಿಟ್ಟು ಹೋಗಬೇಕಾಗಿಲ್ಲ.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ, 1902ರಲ್ಲಿ, ಈವ್ಲಿನ್ ರಗಲ್ಸ್-ಬ್ರೈಸ್ ಎಂಬ ಅಧಿಕಾರಿ ಒಂದು ಪ್ರಯೋಗವನ್ನು ಆರಂಭಿಸಿದರು. ಹರೆಯದ ಅಪರಾಧಿಗಳನ್ನು ಹಳೆಯ ಕೈದಿಗಳಿಂದ ಬೇರ್ಪಡಿಸಿ ವಿದ್ಯೆ, ಕಸಬು, ಶಿಸ್ತುಗಳನ್ನು ಕಲಿಸುವುದೇ ಆ ಪ್ರಯೋಗ. ಸೂಡಿಯೂ ಧಾರವಾಡವೂ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ ಅದು 1929ರ ಬೋರ್ಸ್ಟಲ್ ಶಾಲೆಗಳ ಕಾಯಿದೆಯ ರೂಪದಲ್ಲಿ ನಮ್ಮಲ್ಲಿಗೆ ಬಂತು. ಹದಿನಾರು ದಾಟಿ ಇಪ್ಪತ್ತೊಂದರೊಳಗಿನ ಹುಡುಗರಿಗಾಗಿ ಧಾರವಾಡದಲ್ಲಿ ಅಂಥ ಶಾಲೆ ನಡೆಯಿತು. ಏಕೀಕರಣದ ತರುವಾಯ, 1963ರಲ್ಲಿ, ಮೈಸೂರು ರಾಜ್ಯವೂ ತನ್ನದೇ ಬೋರ್ಸ್ಟಲ್ ಕಾಯಿದೆಯನ್ನು ಮಾಡಿತು.

ಉದ್ದೇಶ ಒಳ್ಳೆಯದೇ. ಆದರೆ ಹುಡುಗನ ಕಡೆಯಿಂದ ನೋಡಿ. ಹೊತ್ತಿಗೆ ಸರಿಯಾಗಿ ಉಂಡರಿಯದವನಿಗೆ ಗಂಟೆ ಹೊಡೆದೊಡನೆ ಊಟ. ಯಾರೂ ಕೇಳದವನಿಗೆ ಮೇಲ್ವಿಚಾರಕರ ಕಣ್ಣು. ಜೊತೆಗೆ ತನ್ನಂಥ ಗೆಳೆಯರು. ಅವಧಿ ಮುಗಿದು ಊರಿಗೆ ಬಂದರೆ, ಒಳಗೆ ಕಸಬುದಾರನಾಗಿದ್ದವನು ಹೊರಗೆ ಬರಿಯ ಕಳ್ಳ.

ಇದಕ್ಕಿಂತ ದಾರುಣವಾದುದು, ತಪ್ಪೇ ಮಾಡದ ಮಕ್ಕಳ ಕಥೆ. ಗದಗ-ಬೆಟಗೇರಿಯಲ್ಲೂ ಹುಬ್ಬಳ್ಳಿಯಲ್ಲೂ ‘ಸೆಟ್ಲಮೆಂಟ್’ ಎಂದು ಕರೆಯುವ ವಸತಿಗಳುಂಟು. 1871ರ ಕಾಯಿದೆಯೊಂದು ಅನೇಕ ಅಲೆಮಾರಿ ಕುಲಗಳಿಗೆ ‘ಅಪರಾಧಿ ಬುಡಕಟ್ಟು’ ಎಂಬ ಹಣೆಪಟ್ಟಿ ಕಟ್ಟಿತು. ಮುಂದೆ ಅಂಥ ಕುಟುಂಬಗಳನ್ನು ಈ ವಸತಿಗಳಲ್ಲಿ ಕೂಡಿಹಾಕಿದರು. ದಿನವೂ ಹಾಜರಿ, ಹೊರಗೆ ಹೋಗಲು ಪರವಾನಗಿ, ಗಿರಣಿಯ ಕೂಲಿ. ಆರು ವರ್ಷ ದಾಟಿದ ಮಕ್ಕಳನ್ನು ತಾಯಿತಂದೆಯರಿಂದ ಅಗಲಿಸಿ ಬೇರೆ ಶಾಲೆಯಲ್ಲಿಡಲು 1911ರ ಕಾಯಿದೆಯೇ ಅಧಿಕಾರ ಕೊಟ್ಟಿತ್ತು. ಬೇಲಿಯೊಳಗೇ ಕಣ್ಣುಬಿಟ್ಟ ಮಗುವಿಗೆ ಬೇಲಿಯೊಳಗಿನದೇ ಊರು. 1952ರಲ್ಲಿ ಕಾಯಿದೆ ರದ್ದಾಯಿತು. ಅನೇಕರು ಅಲ್ಲಿಯೇ ಉಳಿದರು. ಹೋಗುವುದಾದರೂ ಎಲ್ಲಿಗೆ? ಅಜ್ಜಂದಿರು ಅಲೆದ ದಾರಿ ಮೊಮ್ಮಕ್ಕಳಿಗೆ ಗೊತ್ತಿರಲಿಲ್ಲ. ಊರುಗಳು ಬನ್ನಿರೆಂದು ಕರೆಯಲಿಲ್ಲ.

ಅಮೆರಿಕದ ಡೊನಾಲ್ಡ್ ಕ್ಲೆಮರ್ ಎಂಬ ವಿದ್ವಾಂಸರು 1940ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸೆರೆಮನೆಯ ಮಾತು, ರೂಢಿ, ಒಡನಾಟಗಳು ಕೈದಿಗೆ ಹೇಗೆ ಮೈಗೂಡುತ್ತವೆಂಬುದನ್ನು ವಿವರಿಸಿದರು. ಹೊರಗಿನ ನಂಟು ಸಡಿಲವಾದಷ್ಟೂ ಒಳಗಿನದು ಬಿಗಿಯಾಗುತ್ತದೆಂಬುದು ಅವರ ವಿಚಾರದ ತಿರುಳು. ಇನ್ನೂ ಸಂಸಾರ ಕಟ್ಟದ, ಕಸಬು ಹಿಡಿಯದ ಹರೆಯದಲ್ಲಿ ಈ ನಂಟು ಎಷ್ಟು ಸಡಿಲವೆಂಬುದನ್ನು ಹೇಳಬೇಕಾಗಿಲ್ಲ. ಅವರು ಮೆಚ್ಚಿದ್ದು ಸೆರೆಯನ್ನಲ್ಲ, ಅಲ್ಲಿ ದೊರೆತ ನೆಲೆಯನ್ನು.

ಮತ್ತೆ ಸೂಡಿಗೆ ಬರೋಣ. ಚಾಲುಕ್ಯರ ಅರಸುಮಗಳು ಅಕ್ಕಾದೇವಿ ಸುಮಾರು 1050ರಲ್ಲಿ ಈ ಊರಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಕಟ್ಟುಕಟ್ಟಳೆಗಳನ್ನು ಹೊಸದಾಗಿ ಸ್ಥಿರಪಡಿಸಿಕೊಟ್ಟಳೆಂದು ಶಾಸನ ಹೇಳುತ್ತದೆ. ಊರೆಂದರೆ ಮನೆಗಳ ಗುಂಪಲ್ಲ, ಒಕ್ಕಲುಗಳ ಎಣಿಕೆ. ಆ ಎಣಿಕೆಯೊಳಗೆ ಸೇರಿದವನಿಗೆ ಹಕ್ಕೂ ಉಂಟು, ಹೊಣೆಯೂ ಉಂಟು. ನಮ್ಮ ಈ ಹುಡುಗನನ್ನು ಬೆಳಿಗ್ಗೆ ಸಂಜೆ ತಪ್ಪದೆ ಎಣಿಸುವವರು ಜೈಲಿನವರು ಮಾತ್ರ.

ಅವನು ಬಿಡುಗಡೆಯಾದ ದಿನ ಬಾಗಿಲಲ್ಲಿ ಕಾದು ನಿಂತವರು ಯಾರೆಂದು ಆ ಹಿರಿಯರನ್ನು ನಾನು ಕೇಳಬೇಕಾಗಿತ್ತು. ಕೇಳಲಿಲ್ಲ. ಎಲ್ಲರ ಜೊತೆಗೆ ನಕ್ಕು ಬಸ್ಸು ಹತ್ತಿದೆ.