ಪಂಚರತ್ನಂ ಅವರ ಪ್ರಬಂಧವೂ ಉಲ್ಲೇಖಗಣನೆಯ ಪ್ರಾಮಾಣ್ಯವೂ

ಒಬ್ಬ ಗ್ರಂಥಕಾರನ ಮಾತನ್ನು ಮತ್ತೊಬ್ಬನು ಎತ್ತಿ ಹೇಳುವುದರಿಂದ ಸಾಹಿತ್ಯಚರಿತ್ರೆಗೆ ಆಗಿರುವ ಉಪಕಾರವು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಮೊದಲನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಇಂದು ದೊರೆಯವು. ಪ್ರಾಚೀನರು ಉದ್ಧರಿಸಿಕೊಂಡಿರುವ ಪದ್ಯಗಳಿಂದಲೇ ಆತನ ಕವಿತ್ವವನ್ನು ಊಹಿಸಬೇಕಾಗಿದೆ. ಇಲ್ಲಿ ಉಲ್ಲೇಖವು ಅಳಿದುಹೋದ ಕೃತಿಗೆ ಸಾಕ್ಷಿಯಾಗಿ ನಿಂತಿರುವುದು. ಆದರೆ ಉಲ್ಲೇಖದ ಅಭಾವವು ಗುಣದ ಅಭಾವಕ್ಕೂ ಸಾಕ್ಷಿಯಾಗಬಲ್ಲುದೆ? ಈ ಪ್ರಶ್ನೆಗೆ ಭೌತವಿಜ್ಞಾನಿ ಶಿವರಾಮಕೃಷ್ಣ ಪಂಚರತ್ನಂ ಅವರ ಚರಿತ್ರೆಯು ಉತ್ತಮವಾದ ದೃಷ್ಟಾಂತ.

ವಿಜ್ಞಾನಪ್ರಬಂಧಗಳ ಉಲ್ಲೇಖಗಳಿಗೆ ಒಂದು ಅನುಕ್ರಮಣಿಕೆಯನ್ನು ರಚಿಸಬೇಕೆಂದು ೧೯೫೫ರಲ್ಲಿ ಸೂಚಿಸಿದವರು ಅಮೆರಿಕದ ಯೂಜಿನ್ ಗಾರ್ಫೀಲ್ಡ್. ೨೦೦೫ರಲ್ಲಿ ಹೋರ್ಹೆ ಹಿರ್ಷ್ ಎಂಬ ಭೌತವಿಜ್ಞಾನಿ ವಿದ್ವಾಂಸನ ಸಾಧನೆಯನ್ನು ಒಂದೇ ಅಂಕಿಯಲ್ಲಿ ಸೂಚಿಸುವ ಕ್ರಮವನ್ನು ಹೇಳಿದರು. ತಲಾ ಹತ್ತು ಸಲವಾದರೂ ಉಲ್ಲೇಖಗೊಂಡ ಪ್ರಬಂಧಗಳು ಹತ್ತಿದ್ದರೆ ಆ ಅಂಕಿ ಹತ್ತು; ಇಪ್ಪತ್ತು ಸಲದವು ಇಪ್ಪತ್ತಿದ್ದರೆ ಇಪ್ಪತ್ತು. ನಮ್ಮ ದೇಶದಲ್ಲಿಯೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೧೦ರ ನಿಯಮಗಳು ಅಧ್ಯಾಪಕರ ನೇಮಕ, ಬಡ್ತಿಗಳಲ್ಲಿ ಪ್ರಬಂಧಗಳಿಗೆ ಅಂಕಗಳನ್ನು ಕಟ್ಟಿದುವು. ಆದುದರಿಂದ ಗಣನೆಯ ಪ್ರಾಮಾಣ್ಯವೆಷ್ಟು ಎಂಬುದು ಬೆಂಗಳೂರಿನ ಪ್ರಯೋಗಶಾಲೆಗಳಿಗೆ ಮಾತ್ರವೇ ಅಲ್ಲ, ದಾಂಡೇಲಿ, ಹಳಿಯಾಳಗಳ ಕಾಲೇಜುಗಳ ಅಧ್ಯಾಪಕನಿಗೂ ಜೀವನದ ಪ್ರಶ್ನೆಯಾಗಿದೆ.

ಪಂಚರತ್ನಂ ಅವರು ೧೯೩೪ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದರು. ಸರ್ ಸಿ. ವಿ. ರಾಮನ್ನರ ಸೋದರಳಿಯಂದಿರಾದ ಇವರು ಬೆಂಗಳೂರಿನ ರಾಮನ್ ಸಂಶೋಧನಾಲಯದಲ್ಲಿ ಸ್ಫಟಿಕಗಳ ಮೂಲಕ ಬೆಳಕು ಸಂಚರಿಸುವ ರೀತಿಯನ್ನು ಅಭ್ಯಾಸಮಾಡಿದರು. ೧೯೫೬ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ವ್ಯತಿಕರಣವನ್ನು ಕುರಿತ ಇವರ ಪ್ರಬಂಧವು ಭಾರತೀಯ ವಿಜ್ಞಾನ ಅಕಾಡೆಮಿಯ ನಡವಳಿಗಳಲ್ಲಿ ಪ್ರಕಟವಾಯಿತು. ಭಿನ್ನವಾಗಿ ಧ್ರುವೀಕೃತವಾದ ಎರಡು ಕಿರಣಗಳು ಒಂದೇ ಪ್ರಾವಸ್ಥೆಯಲ್ಲಿವೆಯೆಂದು ಹೇಳುವುದು ಯಾವಾಗ ಎಂಬುದೇ ಅಲ್ಲಿಯ ವಿಚಾರ. ಎರಡೂ ಕೂಡಿದಾಗ ಬೆಳಕು ಅತ್ಯಧಿಕವಾಗುವುದಾದರೆ ಅವು ಸಮಪ್ರಾವಸ್ಥೆಯವು ಎಂದು ಇವರು ಲಕ್ಷಣವನ್ನು ಹೇಳಿದರು. ಈ ಲಕ್ಷಣದಂತೆ ಮೊದಲನೆಯ ಕಿರಣವು ಎರಡನೆಯದರೊಡನೆಯೂ ಎರಡನೆಯದು ಮೂರನೆಯದರೊಡನೆಯೂ ಹೊಂದಿಕೊಂಡಿದ್ದರೂ, ಮೂರನೆಯದು ಮೊದಲನೆಯದರೊಡನೆ ಸಾಮಾನ್ಯವಾಗಿ ಹೊಂದದು! ಧ್ರುವೀಕರಣದ ಸ್ಥಿತಿಗಳನ್ನು ಒಂದು ಗೋಲದ ಮೇಲೆ ಬಿಂದುಗಳಾಗಿ ಗುರುತಿಸಿದರೆ, ಆ ಮೂರು ಬಿಂದುಗಳ ತ್ರಿಭುಜವು ಗೋಲಮಧ್ಯದಲ್ಲಿ ಉಂಟುಮಾಡುವ ಘನಕೋನದ ಅರ್ಧವೇ ಈ ವ್ಯತ್ಯಾಸದ ಪರಿಮಾಣ.

ಸ್ಫಟಿಕದ್ಯುತಿಶಾಸ್ತ್ರವನ್ನು ಬಲ್ಲ ಕೆಲವರು ಈ ಕೃತಿಯನ್ನು ಅರಿತಿದ್ದರು. ಅದರ ವ್ಯಾಪಕವಾದ ಅರ್ಥವು ಮಾತ್ರ ಗೂಢವಾಗಿಯೇ ಉಳಿಯಿತು. ಪಂಚರತ್ನಂ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದು, ಆಕ್ಸ್‌ಫರ್ಡಿಗೆ ಹೋಗಿ, ೧೯೬೯ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ೧೯೮೪ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರ್ರಿ ಅವರು ಕ್ವಾಂಟಂ ಶಾಸ್ತ್ರದಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಪ್ರತಿಪಾದಿಸಿದರು. ಅದರ ಪೂರ್ವರೂಪವು ಪಂಚರತ್ನಂ ಅವರಲ್ಲಿಯೇ ಇದೆಯೆಂದು ೧೯೮೬ರಲ್ಲಿ ತೋರಿಸಿದವರು ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ. ಮರುವರ್ಷ ಬೆರ್ರಿ ಅವರೇ ಇದನ್ನು ಒಪ್ಪಿ ವಿವರಿಸಿ ಬರೆದರು. ಇಂದು ‘ಪಂಚರತ್ನಂ ಪ್ರಾವಸ್ಥೆ’ ಎಂಬುದು ದ್ಯುತಿಶಾಸ್ತ್ರದಲ್ಲಿ ರೂಢವಾದ ಪರಿಭಾಷೆ. ಚಪ್ಪಟೆಯಾದ ಹೊಸಬಗೆಯ ಮಸೂರಗಳ ರಚನೆಗೂ ಆಧಾರ.

ಇಂಗ್ಲೆಂಡಿನ ಪತ್ರಿಕೆಯನ್ನು ಬಿಟ್ಟು ಬೆಂಗಳೂರಿನದರಲ್ಲಿ ಪ್ರಕಟಿಸಿದುದೇ ಈ ಅಜ್ಞಾತವಾಸಕ್ಕೆ ಕಾರಣವೆಂದು ಪೂರ್ವಪಕ್ಷವನ್ನು ಹೂಡಬಹುದು. ಅದು ಪೂರ್ಣವಾಗಿ ನಿಲ್ಲದು. ಪಂಚರತ್ನಂ ಅವರ ಅಣ್ಣಂದಿರಾದ ಎಸ್. ಚಂದ್ರಶೇಖರ್ ಅವರು ಬಿ. ಕೆ. ಸದಾಶಿವ, ಕೆ. ಎ. ಸುರೇಶ ಅವರೊಡನೆ ೧೯೭೭ರಲ್ಲಿ ಬಿಲ್ಲೆಯಂತಹ ಅಣುಗಳ ದ್ರವಸ್ಫಟಿಕವನ್ನು ಕುರಿತು ಬರೆದ ಪ್ರಬಂಧವು, ಅದೇ ಅಕಾಡೆಮಿಯ ‘ಪ್ರಮಾಣ’ ಎಂಬ ಪತ್ರಿಕೆಯಲ್ಲಿಯೇ ಅಚ್ಚಾಯಿತು. ಅಲ್ಲಿಯವರೆಗೆ ಬಲ್ಲ ದ್ರವಸ್ಫಟಿಕಗಳು ಕೋಲಿನಂತಹ ಅಣುಗಳವು. ಹೊಸದನ್ನು ಲೋಕವು ಕೂಡಲೇ ಗ್ರಹಿಸಿತು. ಉಲ್ಲೇಖಗಳೂ ಹೇರಳವಾಗಿ ಬಂದುವು. ಮನೆ ಒಂದೇ, ಊರು ಒಂದೇ, ಪ್ರಕಾಶಕಸಂಸ್ಥೆಯೂ ಒಂದೇ. ಭೇದವಿದ್ದುದು ಗ್ರಾಹಕರ ಸಿದ್ಧತೆಯಲ್ಲಿ. ಅಣ್ಣನ ಪ್ರಶ್ನೆಯನ್ನು ಕೇಳುತ್ತಿದ್ದವರು ಅಂದೇ ಅನೇಕರಿದ್ದರು. ತಮ್ಮನ ಪ್ರಶ್ನೆಯು ಲೋಕಕ್ಕೆ ಹುಟ್ಟಿದುದು ಇಪ್ಪತ್ತೆಂಟು ವರ್ಷಗಳ ತರುವಾಯ.

ಹಾಗಾದರೆ ಇಂತಹ ಕೃತಿಯನ್ನು ಕಾಯುವುದು ಯಾವುದು? ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಇದಕ್ಕೆ ಪುರಾತನವಾದ ಉಪಮಾನವೊಂದುಂಟು. ಅಲ್ಲಿ ನೆಲಸಿರುವ ಟಿಬೆಟ್ಟಿನ ಭಿಕ್ಷುಗಳ ಡ್ರೆಪುಂಗ್, ಗಂಡೆನ್ ವಿಹಾರಗಳಲ್ಲಿ ಧರ್ಮಕೀರ್ತಿಯ ಪ್ರಮಾಣವಾರ್ತಿಕವು ಇಂದಿಗೂ ಪಾಠ್ಯಗ್ರಂಥ. ಅದರ ಪಠನಪಾಠನಗಳು ಭಾರತದಲ್ಲಿ ಶತಮಾನಗಳ ಹಿಂದೆಯೇ ನಿಂತುಹೋಗಿದ್ದುವು; ಸಂಸ್ಕೃತಮೂಲದ ಪ್ರತಿಗಳನ್ನು ರಾಹುಲ ಸಾಂಕೃತ್ಯಾಯನರು ೧೯೩೦ರ ದಶಕದಲ್ಲಿ ಟಿಬೆಟ್ಟಿನಲ್ಲಿ ಹುಡುಕಿ ತೆಗೆದರು. ನಡುವಣ ಕಾಲದಲ್ಲಿ ಅದನ್ನು ಜೀವಂತವಾಗಿರಿಸಿದುದು ಭೋಟಭಾಷೆಯ ಅನುವಾದವನ್ನು ತಲೆತಲಾಂತರವಾಗಿ ಓದಿ ವಾದಿಸಿದ ಗುರುಶಿಷ್ಯಪರಂಪರೆ. ಪಂಚರತ್ನಂ ಅವರ ವಿಷಯದಲ್ಲಿಯೂ ಹಾಗೆಯೇ. ಅವರ ಪ್ರಬಂಧವನ್ನು ಬೆಳಕಿಗೆ ತಂದವರು ಯಾವ ಅನುಕ್ರಮಣಿಕೆಯ ಅಂಕಿಯನ್ನು ನೋಡಿಯೂ ಹೊರಟವರಲ್ಲ. ಅದನ್ನು ಓದಿ ತಿಳಿದಿದ್ದ, ಅವರದೇ ಸಂಶೋಧನಾಲಯದ ವಿದ್ವಾಂಸರು.

ಉಲ್ಲೇಖಗಣನೆಯು ಸರ್ವಥಾ ತ್ಯಾಜ್ಯವೆಂದು ಇದರಿಂದ ಸಿದ್ಧವಾಗದು. ಒಂದು ಕೃತಿಯು ತನ್ನ ಕಾಲದಲ್ಲಿ ಎಷ್ಟು ಬಳಕೆಯಾಯಿತೆಂಬುದಕ್ಕೆ ಅದು ಪ್ರಮಾಣವೇ ಸರಿ. ಸತ್ತ್ವಕ್ಕೆ ಅದನ್ನೇ ಪ್ರಮಾಣವೆನ್ನುವುದು ಹೇತ್ವಾಭಾಸ. ೧೯೬೯ರಲ್ಲಿ ಆ ಯುವಕನ ಯೋಗ್ಯತೆಯನ್ನು ಯಾರಾದರೂ ಎಣಿಸಿ ನಿರ್ಣಯಿಸಿದ್ದರೆ, ಆತನ ಶ್ರೇಷ್ಠಕೃತಿಯೇ ಲೆಕ್ಕಕ್ಕೆ ಬಾರದೆ ಹೋಗುತ್ತಿತ್ತು. ಅಂಕಿಯನ್ನು ನೋಡುವವರು ಪ್ರಬಂಧವನ್ನೂ ಓದಬೇಕೆಂಬುದೇ ಈ ಚರಿತ್ರೆಯ ತಾತ್ಪರ್ಯ.