ಯುನಿಕ್ಸ್ ಆಡಳಿತದ ಕಲಿಕೆ: ಫ್ರೀಬಿಎಸ್‌ಡಿಯ ಹಾದಿ

ಯುನಿಕ್ಸ್ ಕುಟುಂಬದ ಗಣಕ ವ್ಯವಸ್ಥೆಗಳಲ್ಲಿ ರೂಟ್ ಎಂಬ ಬಳಕೆದಾರನೊಬ್ಬನಿರುತ್ತಾನೆ. ಆತನ ಕ್ರಮಾಂಕ ಸೊನ್ನೆ. ಉಳಿದವರನ್ನು ಕಟ್ಟಿಹಾಕುವ ಅನುಮತಿಗಳ ನಿಯಮ ಆತನಿಗೆ ಬಹುಮಟ್ಟಿಗೆ ಅನ್ವಯಿಸುವುದಿಲ್ಲ. ಕಡತಗಳನ್ನು ಅಳಿಸೆಂದು ರೂಟ್ ಖಚಿತವಾಗಿ ಆದೇಶಿಸಿದರೆ ವ್ಯವಸ್ಥೆ ಅಳಿಸಿಬಿಡುತ್ತದೆ. ಅಳಿಸಿದ್ದನ್ನು ಹೆಕ್ಕಿಕೊಳ್ಳಲು ಅಲ್ಲಿ ಕಸದ ಬುಟ್ಟಿಯ ಸೌಕರ್ಯವಿಲ್ಲ. ಈ ಅಧಿಕಾರವನ್ನು ಹೊಣೆಯರಿತು ನಿರ್ವಹಿಸುವ ವಿದ್ಯೆಯೇ ಸಿಸ್ಟಂ ಅಡ್ಮಿನಿಸ್ಟ್ರೇಷನ್, ಅಂದರೆ ವ್ಯವಸ್ಥಾ ಆಡಳಿತ. ಆದೇಶಗಳನ್ನು ಬಾಯಿಪಾಠ ಮಾಡಿದರೆ ಈ ವಿದ್ಯೆ ಕೈವಶವಾಗುತ್ತದೆಂದು ಹೊಸಬರು ಭಾವಿಸುವುದುಂಟು. ಆದೇಶವನ್ನು ಕೈಪಿಡಿ ನೋಡಿಯೂ ಬರೆಯಬಹುದು. ಕೆಟ್ಟುನಿಂತ ಯಂತ್ರವನ್ನು ಮೊದಲಿನ ಸ್ಥಿತಿಗೆ ತರುವುದನ್ನು ಮಾತ್ರ ಮಾಡಿಯೇ ಕಲಿಯಬೇಕು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಹಾಗೂ ಡೆನ್ನಿಸ್ ರಿಚಿ ಯುನಿಕ್ಸ್‌ಗೆ ಅಡಿಪಾಯ ಹಾಕಿದರು. ಮುಂದಿನ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದಲ್ಲಿ ಅದರ ಕವಲೊಂದು ಬಿಎಸ್‌ಡಿ ಎಂಬ ಹೆಸರಿನಿಂದ ಬೆಳೆಯಿತು. ಆ ಕವಲಿನಿಂದ 1993ರಲ್ಲಿ ಹೊರಟದ್ದು ಫ್ರೀಬಿಎಸ್‌ಡಿ. ಇದು ಉಚಿತವಾಗಿ ದೊರೆಯುತ್ತದೆ, ಮೂಲ ಸಂಕೇತವೂ ಮುಕ್ತವಾಗಿದೆ. ನೆಟ್‌ಫ್ಲಿಕ್ಸ್ ತನ್ನ ಚಿತ್ರಗಳನ್ನು ವೀಕ್ಷಕರಿಗೆ ತಲುಪಿಸುವ ಸರ್ವರ್‌ಗಳಲ್ಲಿ ನೆಚ್ಚಿಕೊಂಡಿರುವುದು ಇದನ್ನೇ.

ಕಲಿಯುವವನಿಗೆ ಇದರಿಂದ ಒಂದು ವಿಶೇಷ ಅನುಕೂಲವಿದೆ. ಲಿನಕ್ಸ್ ವಿತರಣೆಗಳಲ್ಲಿ ಕರ್ನೆಲ್ ಒಬ್ಬರದು, ಉಳಿದ ಸಾಧನಗಳು ಹತ್ತಾರು ತಂಡಗಳವು. ಫ್ರೀಬಿಎಸ್‌ಡಿಯಲ್ಲಿ ಕರ್ನೆಲ್, ಮೂಲ ಸಾಧನಗಳು ಮತ್ತು ಅವುಗಳ ಕೈಪಿಡಿ ಒಂದೇ ಯೋಜನೆಯ ಅಡಿಯಲ್ಲಿ ಸಿದ್ಧಗೊಳ್ಳುತ್ತವೆ. ವ್ಯವಸ್ಥೆಯ ಸಂರಚನೆ ‘ಇಟಿಸಿ’ ಕೋಶದಲ್ಲಿರುತ್ತದೆ. ಹೊರಗಿನಿಂದ ತಂದು ಸ್ಥಾಪಿಸಿದ ತಂತ್ರಾಂಶ, ಅದರ ಸಂರಚನೆಯ ಸಮೇತ, ‘ಯುಎಸ್‌ಆರ್ ಲೋಕಲ್’ ಕೋಶದ ಅಡಿಗೆ ಸೇರುತ್ತದೆ. ಯಾವುದು ಮನೆಯದು, ಯಾವುದು ತಂದದ್ದು ಎಂಬ ಗೊಂದಲ ಕಡಿಮೆ. ಯಂತ್ರ ಚಾಲನೆಗೊಂಡಾಗ ಯಾವ ಸೇವೆಗಳು ಏಳಬೇಕೆಂಬುದು ‘ಆರ್‌ಸಿ ಡಾಟ್ ಕಾನ್ಫ್’ ಎಂಬ ಸರಳ ಪಠ್ಯ ಕಡತದಲ್ಲಿ ದಾಖಲಾಗಿರುತ್ತದೆ. ಹಳೆಯದಾದ 64 ಬಿಟ್ ಗಣಕವೊಂದಿದ್ದರೆ ಅಭ್ಯಾಸಕ್ಕೆ ಸಾಕು. ಅದೂ ಇಲ್ಲವಾದರೆ ಈಗಿರುವ ಗಣಕದೊಳಗೇ ವರ್ಚುವಲ್ ಯಂತ್ರ ಹೂಡಬಹುದು.

ಓದಬೇಕಾದುದು

ಯುನಿಕ್ಸ್‌ನ ಕೈಪಿಡಿ ಯಂತ್ರದೊಳಗೇ ಇರುತ್ತದೆ. ‘ಮ್ಯಾನ್’ ಎಂಬ ಆದೇಶದ ಮುಂದೆ ಬೇಕಾದ ಹೆಸರು ಬರೆದರೆ ಅದರ ಪುಟ ತೆರೆದುಕೊಳ್ಳುತ್ತದೆ. ಸಂರಚನಾ ಕಡತಗಳ ವಿವರಣೆ 5ನೆಯ ವಿಭಾಗದಲ್ಲೂ ಆಡಳಿತದ ಆದೇಶಗಳು 8ನೆಯ ವಿಭಾಗದಲ್ಲೂ ಇವೆ. 7ನೆಯ ವಿಭಾಗದ ‘ಹೈಯರ್’ ಎಂಬ ಪುಟ ಇಡೀ ಕಡತ ವ್ಯವಸ್ಥೆಯ ನಕ್ಷೆಯನ್ನು ಕೊಡುತ್ತದೆ. ಮೊದಲ ವಾರವೇ ಓದತಕ್ಕದ್ದು. ಯೋಜನೆಯ ವತಿಯಿಂದ ಉಚಿತವಾಗಿ ಪ್ರಕಟವಾಗುವ ಫ್ರೀಬಿಎಸ್‌ಡಿ ಹ್ಯಾಂಡ್‌ಬುಕ್ ಸ್ಥಾಪನೆಯಿಂದ ಆರಂಭಿಸಿ ಜಾಲ ನಿರ್ವಹಣೆಯವರೆಗೆ ಕೈಹಿಡಿದು ನಡೆಸುತ್ತದೆ.

ಯುನಿಕ್ಸ್ ಆಡಳಿತವನ್ನು ಕ್ರಮಬದ್ಧ ಪಠ್ಯವಾಗಿಸಿದವರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಅಧ್ಯಾಪಕಿ ಈವಿ ನೆಮೆತ್ ಪ್ರಮುಖರು. ಅವರು ಸಹಲೇಖಕರೊಡನೆ ರಚಿಸಿದ ಆಡಳಿತ ಕೈಪಿಡಿ 1989ರಲ್ಲಿ ಮೊದಲು ಹೊರಬಂತು. 2017ರಲ್ಲಿ ಅದರ ಐದನೆಯ ಆವೃತ್ತಿ ಬಂದಿತು. ಅದನ್ನು ನೋಡಲು ನೆಮೆತ್ ಇರಲಿಲ್ಲ. ನ್ಯೂಜಿಲೆಂಡ್‌ನಿಂದ ಆಸ್ಟ್ರೇಲಿಯಾದತ್ತ ಹೊರಟ ಹಾಯಿಹಡಗಿನೊಡನೆ 2013ರಲ್ಲಿ ಅವರು ಟಾಸ್ಮನ್ ಸಮುದ್ರದಲ್ಲಿ ಕಣ್ಮರೆಯಾದರು.

ನಿತ್ಯದ ಕೆಲಸ

ಅನುಮತಿಗಳ ಲೆಕ್ಕ ಸರಳ: ಓದಲು 4, ಬರೆಯಲು 2, ಚಲಾಯಿಸಲು 1. 644 ಎಂದರೆ ಒಡೆಯನು ಓದಿ ಬರೆಯಬಲ್ಲ, ಗುಂಪಿನವರೂ ಇತರರೂ ಓದಬಲ್ಲರು ಅಷ್ಟೇ. ಕಡತ ತೆರೆಯುತ್ತಿಲ್ಲವೆಂದೊಡನೆ 777 ಎಂದು ಬರೆದು ಎಲ್ಲರಿಗೂ ಎಲ್ಲವನ್ನೂ ಕೊಡುವುದು ಹೊಸಬರ ಚಾಳಿ. ಬೀಗದ ಕೈ ಸಿಗಲಿಲ್ಲವೆಂದು ಬಾಗಿಲನ್ನೇ ಕಿತ್ತಿಟ್ಟಂತೆ ಇದು. ಹಾಗೆಯೇ ದಿನವಿಡೀ ರೂಟ್ ಆಗಿ ಕುಳಿತಿರುವುದೂ ಸಲ್ಲದು. ಫ್ರೀಬಿಎಸ್‌ಡಿಯಲ್ಲಿ ‘ವೀಲ್’ ಗುಂಪಿಗೆ ಸೇರಿದವರು ಮಾತ್ರ ‘ಸು’ ಆದೇಶದ ಮೂಲಕ ರೂಟ್ ಪದವಿಗೇರಬಲ್ಲರು; ಕೆಲಸ ಮುಗಿದೊಡನೆ ಇಳಿದುಬಿಡಬೇಕು.

ಇನ್ನೊಂದು ಸಂಗತಿಯನ್ನು ಬಹುತೇಕರು ಗಮನಿಸುವುದಿಲ್ಲ. ವ್ಯವಸ್ಥೆಯು ಪ್ರತಿದಿನ ನಸುಕಿನ 3 ಗಂಟೆ 1 ನಿಮಿಷಕ್ಕೆ ತನ್ನನ್ನು ತಾನೇ ಪರಿಶೀಲಿಸಿಕೊಂಡು ವರದಿ ಸಿದ್ಧಪಡಿಸಿ ರೂಟ್‌ಗೆ ಅಂಚೆ ಕಳುಹಿಸುತ್ತದೆ. ಡಿಸ್ಕಿನಲ್ಲಿ ಉಳಿದಿರುವ ಜಾಗ, ವಿಫಲಗೊಂಡ ಪ್ರವೇಶ ಯತ್ನಗಳು ಮೊದಲಾದ ವಿವರ ಅದರಲ್ಲಿರುತ್ತದೆ. ‘ಏಲಿಯಾಸಸ್’ ಕಡತದಲ್ಲಿ ಒಂದು ಸಾಲು ತಿದ್ದಿ, ಆ ಅಂಚೆ ಮನುಷ್ಯರು ಓದುವ ವಿಳಾಸಕ್ಕೆ ಬರುವಂತೆ ಮಾಡಬೇಕು. ಬಂದ ಮೇಲೆ ಓದಬೇಕು.

ಓದುವ ಅಂಚೆ ತಲುಪದಿದ್ದರೆ ಏನಾಗಬಹುದೆಂಬುದಕ್ಕೆ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದ ಘಟನೆ ನಿದರ್ಶನ. ಅಲ್ಲಿದ್ದುದು ಲಿನಕ್ಸ್ ಸರ್ವರ್‌ಗಳು. ಆದರೆ ಅಳಿಸುವ ಆದೇಶ ಎಲ್ಲೆಡೆ ಒಂದೇ. ಎರಡು ದತ್ತಸಂಚಯ ಸರ್ವರ್‌ಗಳ ನಡುವಿನ ನಕಲು ಕಾರ್ಯ ಕೈಕೊಟ್ಟಿತ್ತು. ರಾತ್ರಿ ಹೊತ್ತಿನಲ್ಲಿ ಅದನ್ನು ಸರಿಪಡಿಸುತ್ತಿದ್ದ ಎಂಜಿನಿಯರ್, ಎರಡನೆಯ ಸರ್ವರ್‌ನಲ್ಲಿ ತೆರವುಗೊಳಿಸಬೇಕಾದ ಕೋಶವನ್ನು ಮುಖ್ಯ ಸರ್ವರ್‌ನಲ್ಲಿ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ಅರಿವಾಗಿ ತಡೆದರೂ ಸುಮಾರು 300 ಗಿಗಾಬೈಟ್‌ಗಳಲ್ಲಿ ಉಳಿದದ್ದು 4.5 ಗಿಗಾಬೈಟ್ ಮಾತ್ರ.

ಆಘಾತ ಅಲ್ಲಿಗೆ ಮುಗಿಯಲಿಲ್ಲ. ಪ್ರತಿದಿನದ ಬ್ಯಾಕಪ್ ಹುಡುಕಿದಾಗ ಅದು ಖಾಲಿಯಿತ್ತು. ದತ್ತಸಂಚಯದ ಆವೃತ್ತಿಗೂ ಬ್ಯಾಕಪ್ ಸಾಧನದ ಆವೃತ್ತಿಗೂ ಹೊಂದಾಣಿಕೆಯಿಲ್ಲದೆ ಅದು ವಿಫಲಗೊಳ್ಳುತ್ತ ಬಂದಿತ್ತು. ವಿಫಲವಾಯಿತೆಂದು ತಿಳಿಸುವ ಅಂಚೆಗಳೂ ತಿರಸ್ಕೃತವಾಗಿದ್ದುದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ. ಅದೇ ಎಂಜಿನಿಯರ್ ಪರೀಕ್ಷೆಯ ಸಲುವಾಗಿ ಆರು ಗಂಟೆ ಮೊದಲು ಕೈಯಾರೆ ತೆಗೆದಿರಿಸಿದ್ದ ಒಂದು ಪ್ರತಿ ಸಂಸ್ಥೆಯನ್ನು ಉಳಿಸಿತು. ನಡುವಿನ ಆರು ಗಂಟೆಗಳ ದತ್ತಾಂಶ ಹೋಯಿತು. ಸಂಸ್ಥೆಯು ಇಡೀ ವಿವರವನ್ನು ಬಹಿರಂಗಪಡಿಸಿತೆಂಬುದು ಮೆಚ್ಚತಕ್ಕ ಮಾತು. ಆ ವರದಿ ಇಂದಿಗೂ ಆಡಳಿತ ಕಲಿಯುವವರಿಗೆ ಯಾವ ಪಠ್ಯಕ್ಕೂ ಕಡಿಮೆಯಿಲ್ಲದ ಓದು.

ಕೆಡಿಸಿ ಕಟ್ಟುವ ಅಭ್ಯಾಸ

ಇಂಥ ಸಂದರ್ಭಕ್ಕೆ ಫ್ರೀಬಿಎಸ್‌ಡಿ ಕೆಲವು ಸಾಧನಗಳನ್ನು ಒದಗಿಸುತ್ತದೆ. 2000ದಲ್ಲಿ 4.0 ಆವೃತ್ತಿಯೊಡನೆ ಬಂದ ‘ಜೈಲ್’ ವ್ಯವಸ್ಥೆಯು ಯಂತ್ರದೊಳಗೆ ಪ್ರತ್ಯೇಕ ಕೋಣೆಗಳನ್ನು ಕಟ್ಟಿಕೊಡುತ್ತದೆ. ಒಂದು ಕೋಣೆಯಲ್ಲಿ ಪ್ರಯೋಗ ಹಾಳಾದರೆ ಆ ಕೋಣೆಯನ್ನಷ್ಟೇ ಕೆಡವಿ ಮತ್ತೆ ಕಟ್ಟಬಹುದು. 2008ರ 7.0 ಆವೃತ್ತಿಯಲ್ಲಿ ಸೇರಿದ ಝಡ್‌ಎಫ್‌ಎಸ್ ಕಡತ ವ್ಯವಸ್ಥೆಯು ಕ್ಷಣಾರ್ಧದಲ್ಲಿ ‘ಸ್ನ್ಯಾಪ್‌ಶಾಟ್’ ತೆಗೆಯಬಲ್ಲದು. ಆದರೆ ಅದು ಅದೇ ಡಿಸ್ಕಿನಲ್ಲಿ ಇರುವುದರಿಂದ ಡಿಸ್ಕು ಸುಟ್ಟರೆ ಅದೂ ಹೋದಂತೆಯೇ. ‘ಝಡ್‌ಎಫ್‌ಎಸ್ ಸೆಂಡ್’ ಆದೇಶದಿಂದ ಬೇರೊಂದು ಯಂತ್ರಕ್ಕೆ ಸಾಗಿಸಿದಾಗಲೇ ಅದು ಬ್ಯಾಕಪ್.

ಕಲಿಯುವವರು ಒಂದು ಪುಟ್ಟ ಜಾಲತಾಣವನ್ನು ಇಂಥ ಯಂತ್ರದಲ್ಲಿ ಹೂಡಿ, ಅದರ ಪ್ರತಿಯನ್ನು ಹೊರಗೆ ಸಾಗಿಸಿ, ಬಳಿಕ ಯಂತ್ರವನ್ನು ಪೂರ್ತಿ ಅಳಿಸಿ ಪ್ರತಿಯಿಂದಲೇ ಮರಳಿ ಎಬ್ಬಿಸಬೇಕು. ಮೊದಲ ಸಲ ಇಡೀ ದಿನ ಹಿಡಿದರೂ ಅಚ್ಚರಿಯಿಲ್ಲ. ಎಲ್ಲೆಲ್ಲಿ ತೊಡಕಾಯಿತೆಂಬುದನ್ನು ಕಾಗದದ ಮೇಲೆ ಬರೆದಿಡುವುದು ಒಳಿತು. ಯಂತ್ರ ಮಲಗಿದಾಗ ಅದರೊಳಗಿನ ಟಿಪ್ಪಣಿ ಓದಲು ಸಿಗುವುದಿಲ್ಲ.